ನಾಲ್ಕನೇ ಡಾಂಗಲ್‌ನ ಮೂರು ಮೆಸೇಜು

ಮನೆ, ಮಹಡಿಯ ಸಣ್ಣ ಕೋಣೆ
ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಈಗ ಹೇಗಿದೆ? ಲಾಂಡ್ರಿಯಲ್ಲಿ ದಿನವಿಡೀ ನಿಂತೇ ಕೆಲಸವಂತೆ, ಇಸ್ತ್ರಿ ವಿಭಾಗದ ಉಸ್ತುವಾರಿ ಪೂರ್ತಿ ನಿನ್ನದಂತೆ, ಚಿಕ್ಕಮ್ಮ ಹೇಳಿದರು. ಉಸ್ತುವಾರಿ ಅಂದಮೇಲೆ ಒಂದು ಕುರ್ಚಿಯಾದರೂ ಕೊಡಬಾರದೇ ಅವರು? ಕೇಳಿ ತೆಗೆದುಕೋ. ನಿನ್ನ ವಿಳಾಸಕ್ಕಾಗಿ ಚಿಕ್ಕಮ್ಮನ ಮನೆಗೆ ಮೂರು ಸಲ ಹೋಗಿ ಕೂತೆ. ಮೂರನೇ ಸಲ ಅವರು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನಂಬರ್ ಮಾತ್ರ ಕೊಡಲಿಲ್ಲ. "ನಂಬರ್ ಕೊಡಲ್ಲ ಅಂತ ಮಾತು ಕೊಟ್ಟಿದ್ದೀನಿ. ವಿಳಾಸದ ಬಗ್ಗೆ ಅವಳೇನೂ ಹೇಳಿರಲಿಲ್ಲ" ಎಂದರು. ಅವರ ಮೇಲೆ ಸಿಟ್ಟಾಗಬೇಡ. ನಾವಿಲ್ಲಿ ಆರೋಗ್ಯವಾಗಿದ್ದೇವೆ. ನನ್ನ ಹೆಂಡತಿಗೆ ಲ್ಯಾಬಿನಲ್ಲಿ ಬೆಳಗಿನ ಪಾಳಿ ಸಿಕ್ಕಿದೆ, ಊರಿನವರ ರಕ್ತವನ್ನೆಲ್ಲ ಪರೀಕ್ಷೆ ಮಾಡಿ ಮನೆಗೆ ಬಂದು ನನ್ನ ರಕ್ತ ಹೀರುತ್ತಾಳೆ. ಅಪ್ಪನ ಸಕ್ಕರೆ, ಬಿಪಿ ಎಲ್ಲ ಹಿಡಿತದಲ್ಲಿದೆ. ಕಿವಿ ಮಾತ್ರ ಹೋಗುತ್ತಿದೆ. ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯಲ್ಲಿ ಎದುರಿಗೆ ಕೂತು ನಿಧಾನ ಮಾತಾಡಿದರೆ ಕೇಳಿಸುತ್ತದೆ. ಇನ್ನೊಂದು ವರ್ಷದಲ್ಲಿ ಫೋನಿನ ಮಾತು ಕಷ್ಟವಾಗಬಹುದು ಎಂದು ಕಿವಿಯ ಡಾಕ್ಟರು ಹೇಳಿದ್ದಾರೆ.

ಕವರಿನ ಮೇಲೆ ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ನೋಡಿದ ಕೂಡಲೇ ಹರಿದು ಹಾಕೋಣ ಎಂದು ನಿನಗೆ ಅನ್ನಿಸಿರುತ್ತದೆ. ಹರಿಯುವುದಾದರೆ ಕೊನೆಯವರೆಗೆ ಓದಿ ಹರಿ. ಹೋದ ವರ್ಷ ನೀನು ಅಪ್ಪನಿಗೆ ಒಂದು ಪ್ರಶ್ನೆ ಕೇಳಿದೆ. ಉತ್ತರ ಬರಲಿಲ್ಲ. ಬಾರದೆ ಇದ್ದದ್ದನ್ನೇ ನೀನು ಉತ್ತರ ಎಂದು ತಿಳಿದುಕೊಂಡೆ. ಆ ಪ್ರಶ್ನೆ ಅಪ್ಪನನ್ನು ತಲುಪಲೇ ಇಲ್ಲ, ಅಕ್ಕಾ. ಅದು ನನ್ನ ಹತ್ತಿರ ಬಂದು ನಿಂತುಬಿಟ್ಟಿತು. ಹೇಗೆ ಎಂದು ಹೇಳಲು ನನ್ನ ವ್ಯಾಪಾರದ ಕಥೆಯನ್ನೆಲ್ಲ ಹೇಳಬೇಕು, ಸ್ವಲ್ಪ ಸಹಿಸಿಕೋ.

ಆ ದಿನದ ವಿಷಯ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಅಮ್ಮ ಹೋಗಿ ಇನ್ನೂ ಮೂರು ವಾರವಾಗಿರಲಿಲ್ಲ. ಅಡುಗೆಮನೆಯಲ್ಲಿ ನೀನು ಅವಳ ಮಾತ್ರೆಯ ಡಬ್ಬಿಗಳನ್ನು ತೊಳೆದು ಕವುಚಿ ಹಾಕುತ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು, "ಅವತ್ತು ಮಧ್ಯಾಹ್ನವೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಅವಳು ಉಳೀತಿದ್ಲು" ಎಂದರು. ಆ ಮಧ್ಯಾಹ್ನ ಅಮ್ಮನ ಜೊತೆ ಮನೆಯಲ್ಲಿ ಇದ್ದದ್ದು ನೀನೊಬ್ಬಳೇ. ನನಗೇನೂ ಆಗಿಲ್ಲ, ಒಂದು ಗಂಟೆ ಮಲಗುತ್ತೇನೆ, ಎಬ್ಬಿಸಬೇಡ ಎಂದು ಹೇಳಿದವಳು ಅಮ್ಮ. ಅದು ನನಗೆ ಗೊತ್ತಿತ್ತು, ನೀನು ಅವತ್ತೇ ನನಗೆ ಹೇಳಿದ್ದೆ. ಆದರೂ ಅಪ್ಪ ಆ ಮಾತು ಆಡಿದಾಗ ನಾನು ನೀರು ಕುಡಿಯುತ್ತಾ ನಿಂತಿದ್ದೆ. ನೀನು ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದೆ. ಮರುದಿನ ನೀನು ಹೊರಟೆ. ಆಮೇಲೆ ನನ್ನ ಫೋನು ನೀನು ಎತ್ತಲಿಲ್ಲ, ಯಾಕೆ ಎತ್ತಬೇಕಿತ್ತು?

ನೀನು ಹೋದ ಆರು ತಿಂಗಳಿಗೆ ನಾನು ಕೆಲಸ ಮಾಡುತ್ತಿದ್ದ ಮೊಬೈಲ್ ರಿಪೇರಿ ಅಂಗಡಿ ಮುಚ್ಚಿತು. ಜನ ಈಗ ಫೋನ್ ರಿಪೇರಿ ಮಾಡಿಸುವುದಿಲ್ಲ, ಹೊಸದು ತೆಗೆದುಕೊಳ್ಳುತ್ತಾರೆ. ಎರಡು ತಿಂಗಳು ಮನೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಆಗ ನನ್ನ ಪಕ್ಕದ ಮೇಜಿನಲ್ಲಿ ಡಿಸ್‌ಪ್ಲೇ ಹಾಕುತ್ತಿದ್ದ ಗೆಳೆಯ ಈ ಮೊಬೈಲ್ ಪ್ರಾಕ್ಸಿ ಕೆಲಸದ ಬಗ್ಗೆ ಹೇಳಿದ. ದೂರದ ಕಂಪನಿಗಳು ಇಂಟರ್ನೆಟ್‌ನಲ್ಲಿ ಜಾಹೀರಾತು ಹಾಕಿರುತ್ತವೆ. ನಮ್ಮ ಊರಿನ ಒಬ್ಬ ಸಾಧಾರಣ ಮನುಷ್ಯ ತನ್ನ ಮೊಬೈಲಿನಲ್ಲಿ ನೋಡಿದರೆ ಆ ಜಾಹೀರಾತು ಹೇಗೆ ಕಾಣುತ್ತದೆ, ಬೆಲೆ ಎಷ್ಟು ತೋರಿಸುತ್ತದೆ ಎಂದು ಅವರಿಗೆ ತಿಳಿಯಬೇಕು. ಅದಕ್ಕಾಗಿ ಅವರು ಬಾಡಿಗೆ ಕೊಟ್ಟು ನಮ್ಮ ಮನೆಯ ಸಿಮ್ಮಿನ ಮೂಲಕ ಇಂಟರ್ನೆಟ್‌ಗೆ ಹೋಗುತ್ತಾರೆ. ನೋಡುವವರು ಅವರು, ನೋಡಿದಂತೆ ಕಾಣುವವರು ನಾವು. ಒಂದಷ್ಟು ಡಾಂಗಲ್, ಅಂದರೆ ಸಿಮ್ ಹಾಕಿ ಕಂಪ್ಯೂಟರಿಗೆ ಚುಚ್ಚುವ ಇಂಟರ್ನೆಟ್ ಕಡ್ಡಿ, ಅವುಗಳಿಗೆ ಸಿಮ್, ಎಲ್ಲವನ್ನೂ ಚುಚ್ಚಲು ಒಂದು ಹಬ್, ಒಂದು ಹಳೆಯ ಕಂಪ್ಯೂಟರ್ ಇದ್ದರೆ ಶುರು ಮಾಡಬಹುದು. ಇದನ್ನು ಅಪ್ಪನಿಗೆ ವಿವರಿಸಲು ಅರ್ಧ ದಿನ ಹಿಡಿಯಿತು. ಟ್ರೈನಿಂಗ್ ಇನ್‌ಸ್ಟಿಟ್ಯೂಟಿನ ಫಿಟ್ಟಿಂಗ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಹಾಜರಿ ಕೂಗಿದವರಲ್ಲವೇ, ಅವರಿಗೆ ಗೊತ್ತಿದ್ದ ಪ್ರಾಕ್ಸಿ ಒಂದೇ. "ಇನ್ನೊಬ್ಬನ ಹೆಸರಿಗೆ ಎಸ್ ಸಾರ್ ಅನ್ನೋದು ತಾನೇ? ಅಂಥವರನ್ನ ಮೂವತ್ತು ವರ್ಷ ಹಿಡಿದು ಹೊರಗೆ ಹಾಕಿದೀನಿ. ನೀನು ಅದನ್ನೇ ವ್ಯಾಪಾರ ಮಾಡ್ತೀಯಾ?" ಎಂದರು. ರಿಜಿಸ್ಟರಿನಿಂದ ತಲೆ ಎತ್ತದೆ, ಬರೀ ಧ್ವನಿ ಕೇಳಿ ಕಳ್ಳ ಹಾಜರಿ ಹಿಡಿಯುತ್ತಿದ್ದ ತಮ್ಮ ಕಿವಿಯ ಪ್ರತಾಪವನ್ನು ಇನ್ನೊಮ್ಮೆ ಕೇಳಿಸಿದರು. ನೀನು ಅದನ್ನು ನೂರು ಸಲ ಕೇಳಿದ್ದೀಯ.

ನಿನ್ನ ಕೋಣೆಯಲ್ಲೇ ಶುರು ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಮಂಚ, ಕಪಾಟು ಮುಟ್ಟಿಲ್ಲ, ಕಿಟಕಿಯ ಪಕ್ಕದ ಮೇಜು ಮಾತ್ರ ತೆಗೆದುಕೊಂಡೆ, ಸಿಗ್ನಲ್ ಅಲ್ಲೇ ಚೆನ್ನಾಗಿ ಬರುವುದು. ಅಮ್ಮನ ಹಳೆಯ ತಟ್ಟೆ ಸ್ಟ್ಯಾಂಡ್ ನೆನಪಿದೆಯಾ, ತಟ್ಟೆಗಳನ್ನು ನಿಲ್ಲಿಸಿ ಇಡುವುದು? ಅದರಲ್ಲಿ ಡಾಂಗಲ್‌ಗಳನ್ನು ಸಾಲಾಗಿ ನಿಲ್ಲಿಸಿದ್ದೇನೆ. ಕಲಿಯುವಾಗ ಮಾಡಬಾರದ ತಪ್ಪನ್ನೆಲ್ಲ ಮಾಡಿದೆ. ಮೊದಲು ತಂದ ಹಬ್ಬಿಗೆ ಸ್ವಂತ ಕರೆಂಟಿನ ವೈರ್ ಇರಲಿಲ್ಲ, ಮೂರನೇ ಡಾಂಗಲ್ ಚುಚ್ಚಿದರೆ ಮೊದಲನೆಯದು ಸತ್ತುಹೋಗುತ್ತಿತ್ತು. ಆಮೇಲೆ ಎಲ್ಲವನ್ನೂ ಒತ್ತೊತ್ತಾಗಿ ಇಟ್ಟು ಒಂದರ ಪ್ಲಾಸ್ಟಿಕ್ಕೇ ಬಾಗುವಷ್ಟು ಕಾಯಿಸಿದೆ. ನನ್ನ ಹೆಂಡತಿ ತನ್ನ ಟೇಬಲ್ ಫ್ಯಾನ್ ತಂದಿಟ್ಟು, ಇನ್ನು ಸೆಖೆ ಆದರೆ ನಾನೂ ಆ ಸ್ಟ್ಯಾಂಡಿನಲ್ಲೇ ಬಂದು ನಿಲ್ಲುತ್ತೇನೆ ಎಂದಳು. ಗಿರಾಕಿ ಬೇಕೆಂದಾಗ ಡಾಂಗಲ್ ನೆಟ್‌ವರ್ಕ್ ಬಿಟ್ಟು ಮತ್ತೆ ಹಿಡಿಯಬೇಕು, ಆಗ ಅದಕ್ಕೆ ಹೊಸ ಇಂಟರ್ನೆಟ್ ವಿಳಾಸ ಸಿಗುತ್ತದೆ. ಅದನ್ನು ಸರಿಯಾಗಿ ಮಾಡಿಸಲು ಒಂದು ತಿಂಗಳು ಒದ್ದಾಡಿದೆ. ಮೊದಲು ಬಂದವನು ಯಾರೋ ಒಂದೇ ದಿನದಲ್ಲಿ ಸುಳ್ಳು ಹೆಸರಿನ ಇನ್ನೂರು ಖಾತೆ ತೆರೆಯಬೇಕೆಂದ, ಅವನಿಗೆ ಕೈಮುಗಿದು ಕಳಿಸಿದೆ. ನಮ್ಮ ಮೂಲಕ ಯಾರು ಏನು ಮಾಡಿದರೂ ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೇ ಪೊಲೀಸರು ಬರುವುದು. ಆಮೇಲೆ ಬೆಲೆ ಹೋಲಿಸಿ ನೋಡುವ ಒಂದು ಸಣ್ಣ ಕಂಪನಿ ಸಿಕ್ಕಿತು, ಮರ್ಯಾದಸ್ಥರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಒಬ್ಬರ ಹೆಸರಿನಲ್ಲಿ ಬೇಕಾದಷ್ಟು ಸಿಮ್ ಕೊಡುವುದಿಲ್ಲ. ನನ್ನ ಹೆಸರಿನಲ್ಲಿ ಎರಡು, ನನ್ನ ಹೆಂಡತಿಯ ಹೆಸರಿನಲ್ಲಿ ಒಂದು ಆಯಿತು. ನಾಲ್ಕನೆಯದು ಬೇಕಿತ್ತು. ಅಪ್ಪನ ಹಳೆಯ ಸಿಮ್ಮಿನಲ್ಲಿ ಒಂದು ಪ್ಲಾನ್ ಇತ್ತು, ಎಷ್ಟು ಉಪಯೋಗಿಸಿದರೂ ಡೇಟಾ ಮುಗಿಯುವುದಿಲ್ಲ. ಅಂಥದ್ದು ಈಗ ಹೊಸಬರಿಗೆ ಸಿಗುವುದಿಲ್ಲ. ಅಪ್ಪ ಅದರಲ್ಲಿ ಮಾತಾಡುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ನಾನು ಹಿಂದೆ ಬಿದ್ದೆ. ಹೊಸ ಸಿಮ್ ಹಾಕಿಸಿಕೊಡುತ್ತೇನೆ, ದೊಡ್ಡ ಅಕ್ಷರದ ಹೊಸ ಫೋನ್ ಕೊಡುತ್ತೇನೆ, ಹಳೆಯದು ನನಗೆ ಕೊಡಿ ಎಂದು ಒಂದು ವಾರ ಪೀಡಿಸಿದೆ. ಅಪ್ಪ ಒಪ್ಪಲಿಲ್ಲ. ಎಂಟನೇ ದಿನ ಕಾರಣ ಹೇಳಿದರು. "ನನ್ನದು ಅಂತ ಅವಳ ಹತ್ರ ಇರೋದು ಇದೊಂದೇ ನಂಬರ್" ಎಂದರು. ನೀನು ಹೋದಮೇಲೆ ಅವರು ನಿನ್ನ ಬಗ್ಗೆ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ನಾನು ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. "ನಂಬರ್ ಎಲ್ಲಿಗೂ ಹೋಗಲ್ಲ ಅಪ್ಪ, ನನ್ನ ಕಣ್ಣೆದುರಿಗೇ ಇರತ್ತೆ. ಅವಳಿಂದ ಏನೇ ಬಂದ್ರೂ ನಾನು ನೋಡ್ಕೋತೀನಿ" ಎಂದೆ. ಅಪ್ಪ ಫೋನಿನ ಹಿಂಬದಿ ಬಿಚ್ಚಿ ತಾವೇ ಸಿಮ್ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು.

ಆ ಡಾಂಗಲ್‌ಗೆ ಕರೆ ಮಾಡಿದರೆ ಅದು ಬಾರಿಸುವುದಿಲ್ಲ, ಅದಕ್ಕೆ ಗಂಟಲೇ ಇಲ್ಲ. ಮೆಸೇಜು ಮಾತ್ರ ಬಂದು ಒಳಗೆ ಕೂರುತ್ತದೆ. ಕಂಪ್ಯೂಟರಿನಲ್ಲಿ ಪ್ರತಿ ಡಾಂಗಲ್‌ಗೂ ಒಂದು ಪುಟ, ಅದರ ಮೂಲೆಯಲ್ಲಿ ಓದದ ಮೆಸೇಜುಗಳ ಸಂಖ್ಯೆ ಕೆಂಪಾಗಿ ಕಾಣುತ್ತದೆ. ಮೊದಲ ಎರಡು ವಾರ ದಿನಾ ತೆರೆದು ನೋಡಿದೆ. ಎಲ್ಲ ಕಂಪನಿಯ ಆಫರ್, ರೀಚಾರ್ಜ್, ಹಾಡು ಹಾಕಿಸಿಕೊಳ್ಳಿ ಎನ್ನುವುದು. ಆಮೇಲೆ ವಾರಕ್ಕೊಮ್ಮೆ ಆಯಿತು. ಆಮೇಲೆ ಆ ಕೆಂಪು ಸಂಖ್ಯೆ ಗೋಡೆಯ ಮೇಲಿನ ಕಲೆಯ ಹಾಗೆ ಅಭ್ಯಾಸವಾಗಿ ಹೋಯಿತು. ಗಿರಾಕಿಗಳು ಹೆಚ್ಚಾಗಿದ್ದರು, ಅಕ್ಕಾ. ನನ್ನ ವ್ಯಾಪಾರ ನಿಂತುಕೊಂಡಿತು ಎಂದು ನಾನು ಎದೆಯುಬ್ಬಿಸಿ ಓಡಾಡುತ್ತಿದ್ದ ಕಾಲ ಅದು.

ಈ ತಿಂಗಳ ಒಂದನೇ ತಾರೀಖು, ಸೋಮವಾರ, ಸಿಮ್ ಕಂಪನಿಯವರು ಎಲ್ಲ ಸಿಮ್ಮುಗಳನ್ನೂ ಮತ್ತೆ ಪರಿಶೀಲನೆ ಮಾಡುತ್ತಿದ್ದಾರೆಂದು ಗೊತ್ತಾಯಿತು. ಮೆಸೇಜಿನಲ್ಲಿ ಒಂದು ಕೋಡ್ ಬರುತ್ತದೆ, ಅದನ್ನು ಹೇಳದಿದ್ದರೆ ಸಿಮ್ ಕಟ್. ಕೋಡ್ ಯಾವುದಕ್ಕೂ ಬರಲಿಲ್ಲ. ನಾಲ್ಕೂ ಡಾಂಗಲ್‌ಗಳಲ್ಲಿ ಹಳೆಯ ಮೆಸೇಜು ತುಂಬಿ ಹೊಸದಕ್ಕೆ ಜಾಗವೇ ಇರಲಿಲ್ಲ. ಒಂದನೆಯದನ್ನು ತೆರೆದು ಎಲ್ಲವನ್ನೂ ಆರಿಸಿ ಒಟ್ಟಿಗೆ ಅಳಿಸಿದೆ. ಎರಡನೆಯದು, ಮೂರನೆಯದು ಹಾಗೆಯೇ. ನಾಲ್ಕನೆಯದು ಹಳೆಯ ಡಾಂಗಲ್, ಪುಟ ತೆರೆಯಲು ಒದ್ದಾಡುತ್ತದೆ. ಅದು ಒದ್ದಾಡುತ್ತಿದ್ದಾಗ ಸುಮ್ಮನೆ ನೋಡುತ್ತಾ ಕೂತಿದ್ದೆ. ಕಂಪನಿ ಹೆಸರುಗಳ ನಡುವೆ ಒಂದು ಬರೀ ನಂಬರ್ ಕಂಡಿತು. ಕೆಳಗೆ ಹೋದರೆ ಇನ್ನೊಂದು ಸಲ, ಮತ್ತೊಂದು ಸಲ ಅದೇ ನಂಬರ್. ಅದು ಯಾರದೆಂದು ನೋಡಲು ನನಗೆ ಹೆಸರು ಬೇಕಿರಲಿಲ್ಲ. ಪುಟ ಬೇಗ ತೆರೆದಿದ್ದರೆ ಅವನ್ನೂ ಅಳಿಸಿರುತ್ತಿದ್ದೆ.

ನೀನು ಬರೆದದ್ದನ್ನು ನಿನಗೇ ಬರೆಯುತ್ತಿದ್ದೇನೆ, ನಾನು ಓದಿದೆ ಎಂದು ನಿನಗೆ ಗೊತ್ತಾಗಲಿ. ಮೊದಲನೆಯದು ಹದಿನಾಲ್ಕು ತಿಂಗಳ ಹಿಂದಿನದು. "ಅಪ್ಪಾ, ನಾನು. ಕೆಲಸ ಸಿಕ್ಕಿದೆ. ಊಟ, ನಿದ್ದೆ ಸರಿಯಾಗಿದೆ. ನಿಮ್ಮ ಕಿವಿ ಹೇಗಿದೆ?" ಎರಡನೆಯದು ಅದಾದ ಮೂರು ವಾರಕ್ಕೆ. "ಅವತ್ತು ನೀವು ಅಂದಿದ್ದು ಈಗಲೂ ನಿಜ ಅನ್ನಿಸುತ್ತಾ ಅಪ್ಪಾ? ಇಲ್ಲ ಅನ್ನೋದಾದ್ರೆ ಒಂದು ಮಿಸ್ಡ್ ಕಾಲ್ ಕೊಡಿ. ಮಾತಾಡೋದೇನೂ ಬೇಡ. ಹೌದು ಅನ್ನೋದಾದ್ರೆ ಸುಮ್ಮನಿರಿ, ನನಗೆ ಅರ್ಥ ಆಗತ್ತೆ." ಮೂರನೆಯದು ಹನ್ನೆರಡು ದಿನ ಬಿಟ್ಟು. "ಅರ್ಥ ಆಯ್ತು. ಈ ನಂಬರ್ ಬಿಡ್ತಿದ್ದೀನಿ. ಆರೋಗ್ಯ ನೋಡ್ಕೊಳ್ಳಿ."

ನಾನು ನಿನ್ನ ಮಂಚದ ಮೇಲೆ ಕೂತು ಅತ್ತೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಹನ್ನೆರಡು ದಿನವೂ ಆ ಡಾಂಗಲ್ ನನ್ನಿಂದ ಒಂದು ಮೊಳ ದೂರದಲ್ಲಿ ಹಸಿರು ದೀಪ ಮಿನುಗಿಸುತ್ತಾ ಯಾರ್‍ಯಾರದೋ ಕೆಲಸ ಮಾಡುತ್ತಿತ್ತು. ಅದು ದಿನಕ್ಕೆ ನೂರು ಸಲ ಇಂಟರ್ನೆಟ್ ವಿಳಾಸ ಬದಲಾಯಿಸುತ್ತದೆ, ಆದರೂ ನಿನ್ನ ಮೆಸೇಜು ತಪ್ಪದೆ ಬಂದಿತ್ತು. ಓದಬೇಕಾದವನು ಓದಲಿಲ್ಲ. ಅಪ್ಪನ ಹೆಸರಿನಲ್ಲಿ ಸುಮ್ಮನಿದ್ದವನು ನಾನು. ಅಡುಗೆಮನೆಯಲ್ಲಿ ನಿನ್ನ ಪರ ಮಾತಾಡದೆ ಒಂದು ಸಲ, ಇಲ್ಲಿ ಇನ್ನೊಂದು ಸಲ.

ಅಪ್ಪನಿಗೆ ಹೇಳಲು ಎರಡು ದಿನ ಧೈರ್ಯ ಸಾಲಲಿಲ್ಲ. ನನ್ನ ಹೆಂಡತಿ, ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಗಡುವು ಕೊಟ್ಟಳು. ಬುಧವಾರ ಬೆಳಿಗ್ಗೆ ಅಪ್ಪ ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಅವರ ಬಲಗಡೆ ಕೂತು ಮೂರನ್ನೂ ಓದಿದೆ. ಎರಡನೆಯದನ್ನು ಮತ್ತೆ ಓದು ಎಂದರು, ಓದಿದೆ. ಇನ್ನೊಮ್ಮೆ ಎಂದರು. ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. "ಹನ್ನೆರಡು ದಿನ ಕಾದಳಾ?" ಎಂದು ಕೇಳಿದರು. ಹೌದು ಎಂದೆ. ಅಂಗೈಯಿಂದ ಮೊಣಕಾಲು ಉಜ್ಜಿಕೊಳ್ಳುತ್ತಾ, "ನನ್ನ ಹೆಸರು ಕೂಗಿದಾಳೆ. ನನಗೆ ಕೇಳಿಸಿಲ್ಲ" ಎಂದರು. ಆಮೇಲೆ ಅವರು ಹೇಳಿದ್ದನ್ನು ನಿನಗೆ ತಲುಪಿಸಬೇಕು. ಅಮ್ಮ ಆ ಮಧ್ಯಾಹ್ನ ಅಪ್ಪನಿಗೂ ಫೋನ್ ಮಾಡಿದ್ದಳಂತೆ. ಸ್ವಲ್ಪ ಸುಸ್ತು, ಬೇಗ ಬರುತ್ತೀರಾ ಎಂದು ಕೇಳಿದ್ದಳಂತೆ. ಪೆನ್ಶನ್ ಆಫೀಸಿನ ಸಾಲಿನಲ್ಲಿ ಇವರ ಸರದಿ ಹತ್ತಿರ ಬಂದಿತ್ತು, ಮುಗಿಸಿಕೊಂಡೇ ಬರುತ್ತೇನೆ ಎಂದಿದ್ದರಂತೆ. ಇದನ್ನು ಅವರು ಎರಡೂವರೆ ವರ್ಷ ಯಾರಿಗೂ ಹೇಳಿರಲಿಲ್ಲ. "ಹೊರಲಾರದೆ ಅವಳ ತಲೆ ಮೇಲೆ ಹಾಕಿಬಿಟ್ಟೆ" ಎಂದರು.

ಅವತ್ತೇ ಕೋಡ್ ಹೇಳಿ ಪರಿಶೀಲನೆ ಮುಗಿಸಿ, ಸಿಮ್ ತೆಗೆದು ಅವರ ಫೋನಿಗೆ ಹಾಕಿಕೊಟ್ಟೆ. ನೀನು ಆ ನಂಬರ್ ಬಿಟ್ಟು ವರ್ಷವಾಯಿತು, ಅದು ನಿನ್ನದಲ್ಲ ಎಂದು ಎಷ್ಟು ಹೇಳಿದರೂ ಕೇಳದೆ ಅದಕ್ಕೇ ಮಿಸ್ಡ್ ಕಾಲ್ ಕೊಟ್ಟರು. ಎರಡು ನಿಮಿಷದಲ್ಲಿ ಆ ಕಡೆಯಿಂದ ಒಬ್ಬ ಲಾರಿ ಡ್ರೈವರ್ ವಾಪಸ್ ಮಾಡಿ ಯಾರ್ರೀ ಅದು ಎಂದು ಗದರಿದ. ಆ ನಂಬರ್ ಈಗ ಅವನದು. ಮರುದಿನ ಬೆಳಿಗ್ಗೆ ಅಪ್ಪ ಮತ್ತೆ ಕೊಟ್ಟರು, ಅವನು ಮತ್ತೆ ಗದರಿದ. ನಾನು ಫೋನ್ ಇಸಿದುಕೊಂಡು ವಿಷಯವನ್ನೆಲ್ಲ ಹೇಳಿದೆ. ಅವನು ಲಾರಿಯ ಇಂಜಿನ್ ಆರಿಸಿದ. ಆಮೇಲೆ, "ಕೊಡ್ಲಿ ಬಿಡಿ. ಇನ್ಮೇಲೆ ನಾನು ಎತ್ತಲ್ಲ" ಎಂದ. ಅಂದಿನಿಂದ ದಿನಾ ಬೆಳಿಗ್ಗೆ ಕಾಫಿ ಆದಮೇಲೆ ಅಪ್ಪ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾರೆ. ನಿನ್ನೆ ಅವರಿಗೆ ಮರೆತುಹೋಗಿತ್ತು. ಹತ್ತು ಗಂಟೆಗೆ ಡ್ರೈವರೇ ಫೋನ್ ಮಾಡಿ ಯಜಮಾನರು ಹುಷಾರಾಗಿದ್ದಾರಾ ಎಂದು ವಿಚಾರಿಸಿದ.

ತಟ್ಟೆ ಸ್ಟ್ಯಾಂಡಿನಲ್ಲಿ ನಾಲ್ಕನೇ ಜಾಗ ಈಗ ಖಾಲಿ ಇದೆ, ಅದನ್ನು ತುಂಬುವ ಯೋಚನೆ ನನಗಿಲ್ಲ. ಆ ಡಾಂಗಲ್ ಬಾಡಿಗೆಗೆ ಹಿಡಿದಿದ್ದ ಗಿರಾಕಿಗೆ ಇದ್ದದ್ದು ಇದ್ದ ಹಾಗೆ ತಿಳಿಸಿದೆ, ಅವನು ಬೇರೆ ಕಡೆ ಹೋದ. ಉಳಿದ ಮೂರರ ಮೆಸೇಜುಗಳನ್ನು ದಿನಾ ಬೆಳಿಗ್ಗೆ ಒಂದೊಂದಾಗಿ ಓದುತ್ತೇನೆ, ಹಾಡು ಹಾಕಿಸಿಕೊಳ್ಳಿ ಎನ್ನುವುದನ್ನೂ ಬಿಡದೆ. ನಿನ್ನ ಕೋಣೆಯ ಮೇಜು ನಿನಗೆ ಬೇಕಾದರೆ ಒಂದೇ ಗಂಟೆಯಲ್ಲಿ ಖಾಲಿ ಮಾಡಿಕೊಡುತ್ತೇನೆ. ನನ್ನನ್ನು ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ, ಆದರೂ ಕೇಳುತ್ತಿದ್ದೇನೆ. ನನಗೆ ನೀನು ಯಾವಾಗ ಬೇಕಾದರೂ ಉತ್ತರ ಕೊಡು, ಕೊಡದಿದ್ದರೂ ಸರಿ. ಅಪ್ಪನನ್ನು ಮಾತ್ರ ಕಾಯಿಸಬೇಡ.

ಚಿಕ್ಕಮ್ಮ ನಿನಗೆ ಒಂದು ಸ್ವೆಟರ್ ಹೆಣೆಯುತ್ತಿದ್ದಾರೆ, ತೋಳಿನ ಅಳತೆ ಬೇಕಂತೆ. ನನ್ನ ಹೆಂಡತಿ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಅಪ್ಪನ ಆಶೀರ್ವಾದವನ್ನು ನಾನು ಬರೆಯುವುದಿಲ್ಲ, ಇನ್ನು ಅವರ ಪರವಾಗಿ ಏನನ್ನೂ ಹೇಳುವವನಲ್ಲ ನಾನು. ನಿನ್ನ ಬೆನ್ನು ನೋಡಿಕೋ.

ನಿನ್ನ ತಮ್ಮ,
ಸ್ಕ್ರೂ
(ಮನೆಯ ಗಡಿಯಾರ ಬಿಚ್ಚಿ ಜೋಡಿಸಲಾರದೆ ಹೋದಾಗ ನೀನೇ ಇಟ್ಟ ಹೆಸರು)

ಮರೆತ ಮಾತು: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅಪ್ಪ ಮೆಟ್ಟಿಲು ಹತ್ತಿ ಬಂದು ಇದನ್ನು ಬರೆಯಲೇಬೇಕು ಎಂದು ನಿಂತಿದ್ದಾರೆ. ಅವರ ನಂಬರ್ ಹಳೆಯದೇ, ನಿನಗೆ ಬಾಯಿಪಾಠ. ನಿನ್ನ ಹೊಸ ನಂಬರಿನಿಂದ ಅದಕ್ಕೆ ಒಂದು ರಿಂಗ್ ಕೊಡು, ಯಾವ ಹೊತ್ತಾದರೂ ಸರಿ. ತಕ್ಷಣ ಅವರು ವಾಪಸ್ ಮಾಡುತ್ತಾರೆ. ಅದನ್ನು ಎತ್ತಬೇಡ. ನೀನು ಕೇಳಿದ್ದು ಮಿಸ್ಡ್ ಕಾಲ್, ಅದನ್ನು ಮೊದಲು ಕೊಡಬೇಕಂತೆ. ಎರಡನೇ ಸಲ ಬಾರಿಸಿದಾಗ ಎತ್ತು. ನಿಧಾನವಾಗಿ ಮಾತಾಡು, ಬಲಗಿವಿಗೆ ಹಿಡಿದಿರುತ್ತಾರೆ. ಹೆಸರು ಹೇಳುವುದೇನೂ ಬೇಡವಂತೆ, ಧ್ವನಿ ಸಾಕಂತೆ.